'ಸೀಕ್ರೆಟ್' ಸೀಲು ಬಿದ್ದ ಕಡತ: ಆ ಸೀಲು ಸರಿಯೋ ತಪ್ಪೋ ಅಂತ ನೋಡುವವರು ಯಾರು?

ಪ್ರಶ್ನೆ: ನಾನು ಬೈಲಹೊಂಗಲ ಕಡೆಯ ನಿವೃತ್ತ ಹೈಸ್ಕೂಲ್ ಮಾಸ್ತರ. ನಮ್ಮ ಕಾಕಾ ಸೈನ್ಯದಲ್ಲಿ ಸಿಪಾಯಿ ಆಗಿದ್ದರು. 1971ರ ಡಿಸೆಂಬರ್ ಯುದ್ಧದಲ್ಲಿ, ಪೂರ್ವದ ಗಡಿಯಲ್ಲಿ ತೀರಿಕೊಂಡರು. ಮನೆಗೆ ಬಂದದ್ದು ಒಂದು ತಂತಿ, ಆಮೇಲೆ ಅವರ ಟ್ರಂಕು. ಯಾವ ಊರಲ್ಲಿ, ಹೇಗೆ ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ. ಕಾಕುಗೆ ಈಗ ತುಂಬಾ ವಯಸ್ಸಾಗಿದೆ, ಅದನ್ನು ತಿಳಿದುಕೊಳ್ಳಬೇಕು ಅಂತ ಅವರ ಆಸೆ. ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ, ಕಾಕಾನ ಪಲ್ಟನ್ನಿನ ಆ ತಿಂಗಳ ವಾರ್ ಡೈರಿ (ಯುದ್ಧದ ದಿನದಿನದ ದಾಖಲೆ) ಪೂರ್ತಿ ಕೇಳಿದೆ. ಮೂರು ಸಾಲಿನ ಉತ್ತರ ಬಂತು: ಕಡತ 'ಸೀಕ್ರೆಟ್' ದರ್ಜೆಯದು, 8(1)(ಎ) ಕಲಂ ಪ್ರಕಾರ ಕೊಡಲು ಬರುವುದಿಲ್ಲ. ಐವತ್ತು ವರ್ಷದ ಮೇಲೂ ಅದರಲ್ಲಿ ಏನು ಗುಟ್ಟು ಇರಬಹುದು? ಸೀಕ್ರೆಟ್ ಅಂತ ತೀರ್ಮಾನ ಮಾಡುವವರು ಯಾರು? ಅದು ಸರಿಯೋ ಅಂತ ಹೊರಗಿನವರು ಯಾರಾದರೂ ನೋಡುತ್ತಾರಾ? 'ಸುಮ್ನೆ ಬಿಡ್ರಿ, ಗುಟ್ಟಿನ ಕೇಸು ಹಾಕಿಬಿಟ್ಟಾರು' ಅಂತ ಮಗ ಹೆದರಿಸುತ್ತಾನೆ. ಪರಿಚಯದ ನಿವೃತ್ತ ಕ್ಲಾರ್ಕ್ ಒಬ್ಬರು ಒಳಗಿನಿಂದ ಝೆರಾಕ್ಸ್ ತರಿಸಿಕೊಡುತ್ತೇನೆ ಅನ್ನುತ್ತಾರೆ. ನಾನು ಏನು ಮಾಡಲಿ?

ಉತ್ತರ:

ಮಾಸ್ತರರೇ, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಕೂಡಿಕೊಂಡಿವೆ. ಕಾಕಾ ಹೇಗೆ ತೀರಿಕೊಂಡರು ಅನ್ನುವುದು ಒಂದು. ಆ ಸೀಲನ್ನು ಪ್ರಶ್ನೆ ಮಾಡಬಹುದಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಗುವ ಸಾಧ್ಯತೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದೆ. ಎರಡನೆಯದು ಸ್ವಲ್ಪ ಬೇಸರದ ಕಥೆ. ವಕೀಲಿ ವೃತ್ತಿಯಲ್ಲಿ ಇಂಥ ಅರ್ಜಿಗಳನ್ನು ನೋಡುತ್ತಲೇ ಬಂದಿದ್ದೇನೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇರುವ ಬೆಳಗಾವಿ ಜಿಲ್ಲೆ ನಮ್ಮದು. ಊರೂರಲ್ಲೂ ಮಾಜಿ ಸೈನಿಕರ ಮನೆಗಳಿವೆ, ಆ ಮನೆಗಳಲ್ಲಿ ಇಂಥ ಪ್ರಶ್ನೆಗಳೂ ಇವೆ.

ಮೊದಲು ಮಗನ ಹೆದರಿಕೆಯ ವಿಷಯ. ಮಾಹಿತಿ ಕೇಳಿ ಅರ್ಜಿ ಹಾಕುವುದು, 'ಇಲ್ಲ' ಅಂದಾಗ ಮೇಲ್ಮನವಿ ಹಾಕುವುದು ಯಾವ ಕಾಯ್ದೆಯಲ್ಲೂ ಅಪರಾಧ ಅಲ್ಲ. ಅಧಿಕೃತ ರಹಸ್ಯ ಕಾಯ್ದೆ 1923ರದು, ಬ್ರಿಟಿಷರ ಕಾಲದ್ದು. ಗುಟ್ಟಿನ ಕಾಗದವನ್ನು ಅಧಿಕಾರ ಇಲ್ಲದೆ ಕೊಡುವುದು, ತೆಗೆದುಕೊಳ್ಳುವುದು, ಇಟ್ಟುಕೊಳ್ಳುವುದು ಅದರಲ್ಲಿ ಅಪರಾಧ. ಕೇಳುವುದು ಅಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ 22ನೇ ಕಲಂ ಪ್ರಕಾರ, ರಹಸ್ಯ ಕಾಯ್ದೆಗೂ ಇದಕ್ಕೂ ತಾಕಲಾಟ ಬಂದರೆ ಇದೇ ಮೇಲು. 8(2)ನೇ ಕಲಂನಲ್ಲಿ ರಹಸ್ಯ ಕಾಯ್ದೆಯ ಹೆಸರು ಹೇಳಿಯೇ ಬರೆದಿದ್ದಾರೆ: ಗುಟ್ಟು ಕಾಪಾಡುವುದರಿಂದ ಆಗುವ ಲಾಭಕ್ಕಿಂತ ಜನಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು.

ಆದರೆ ಆ ಝೆರಾಕ್ಸ್ ವಿಷಯದಲ್ಲಿ ನಿಮ್ಮ ಮಗ ಹೆದರುವುದು ಸರಿ. ಅದನ್ನು ತೆಗೆದುಕೊಳ್ಳಬೇಡಿ. 'ಸೀಕ್ರೆಟ್ ಇದೆ' ಅಂತ ಬರೆದ ಉತ್ತರ ಈಗಾಗಲೇ ನಿಮ್ಮ ಕೈಯಲ್ಲಿದೆ. ಇದಾದ ಮೇಲೆ ಅದೇ ಕಾಗದ ಹಿಂಬಾಗಿಲಿನಿಂದ ಬಂದರೆ, ನನಗೆ ಗೊತ್ತಿರಲಿಲ್ಲ ಅನ್ನಲು ಬರುವುದಿಲ್ಲ. ರಹಸ್ಯ ಕಾಯ್ದೆಯ 5ನೇ ಕಲಂನಲ್ಲಿ ಮೂರು ವರ್ಷದವರೆಗೆ ಜೈಲು ಇದೆ. ಆ ಕ್ಲಾರ್ಕ್ ಒಳ್ಳೆಯವರೇ ಇರಬಹುದು, ನಿಮ್ಮ ಮೇಲಿನ ಗೌರವಕ್ಕೇ ಹೇಳಿರಬಹುದು. ಅವರಿಗೂ ಬೇಡ, ನಿಮಗೂ ಬೇಡ.

ಸೀಲು ಎಲ್ಲಿಂದ ಬಂತು?

ಜನರಲ್ಲಿ ಒಂದು ನಂಬಿಕೆ ಇದೆ. ಸೀಕ್ರೆಟ್ ಅಂದರೆ ಪಾರ್ಲಿಮೆಂಟು ಮಾಡಿದ ಯಾವುದೋ ಕಾನೂನು ಆ ಕಾಗದವನ್ನು ಗುಟ್ಟು ಅಂತ ಸಾರಿದೆ ಅಂತ. ಹಾಗೇನಿಲ್ಲ. 1923ರ ಕಾಯ್ದೆಯಲ್ಲಿ 'ರಹಸ್ಯ' ಅಂದರೆ ಏನು ಅನ್ನುವ ವ್ಯಾಖ್ಯೆಯೇ ಇಲ್ಲ. ಟಾಪ್ ಸೀಕ್ರೆಟ್, ಸೀಕ್ರೆಟ್, ಕಾನ್ಫಿಡೆನ್ಶಿಯಲ್, ರಿಸ್ಟ್ರಿಕ್ಟೆಡ್ ಅನ್ನುವ ನಾಲ್ಕು ದರ್ಜೆಗಳಿಗೆ ಆಧಾರ ಕೇಂದ್ರ ಗೃಹ ಸಚಿವಾಲಯ 1994ರಲ್ಲಿ ಹೊರಡಿಸಿದ ಇಲಾಖಾ ಭದ್ರತಾ ಸೂಚನೆಗಳ ಕೈಪಿಡಿ. ಅದು ಪಾರ್ಲಿಮೆಂಟಿನಲ್ಲಿ ಚರ್ಚೆ ಆಗಿ ಪಾಸಾದ ಕಾನೂನಲ್ಲ, ಇಲಾಖೆಗಳ ಒಳಗಿನ ಸೂಚನೆ. ಆ ಕೈಪಿಡಿಯೂ ಸಾರ್ವಜನಿಕರಿಗೆ ಸಿಗುವುದಿಲ್ಲ. ಯಾವುದು ಗುಟ್ಟು ಅಂತ ತೀರ್ಮಾನಿಸುವ ನಿಯಮವೇ ಗುಟ್ಟು!

ಸೀಲು ಒತ್ತುವುದು ಆ ಕಾಗದವನ್ನು ಬರೆದ ಇಲಾಖೆಯವರೇ. ಅದನ್ನು ಇಳಿಸಬೇಕಾದವರೂ ಅವರೇ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಮತ್ತು 1997ರ ಅದರ ನಿಯಮಗಳ ಪ್ರಕಾರ, ಪ್ರತಿ ಇಲಾಖೆಯೂ ಒಬ್ಬ ಅಧಿಕಾರಿಯನ್ನು ನೇಮಿಸಿ ಐದೈದು ವರ್ಷಕ್ಕೊಮ್ಮೆ ಗುಟ್ಟಿನ ಕಡತಗಳನ್ನು ನೋಡಬೇಕು. ಇನ್ನು ಗುಟ್ಟು ಬೇಡ ಅನ್ನಿಸಿದರೆ ದರ್ಜೆ ಇಳಿಸಬೇಕು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ನೋಡದೇ ಇದ್ದರೆ ಕೇಳುವವರು ಯಾರು? ಖಡೇ ಬಜಾರಿನ ಕಿರಾಣಿ ಅಂಗಡಿಯ ತಕ್ಕಡಿಗೂ ಇಲಾಖೆಯವರು ಮುದ್ರೆ ಹಾಕುತ್ತಾರೆ, ತೂಕ ತಪ್ಪಿದರೆ ದಂಡ ಹಾಕುತ್ತಾರೆ. ಸೀಕ್ರೆಟ್ ಸೀಲಿಗೆ ಅಂಥ ತಪಾಸಣೆ ಮಾಡುವ ಹೊರಗಿನ ಸಂಸ್ಥೆ ನಮ್ಮ ದೇಶದಲ್ಲಿ ಇಲ್ಲ. ನಿಮ್ಮ ಎರಡನೇ ಪ್ರಶ್ನೆಗೆ ನೇರ ಉತ್ತರ ಇಷ್ಟೇ.

ಇದರ ಹಿಂದೆ ಯಾರದೋ ದುರುದ್ದೇಶ ಇದೆ ಅಂತ ಅಂದುಕೊಳ್ಳಬೇಡಿ. ಹೆಚ್ಚಿನ ಸಲ ಇರುವುದು ಹೆದರಿಕೆ. ಬೇಡದ ಕಾಗದಕ್ಕೆ ಸೀಕ್ರೆಟ್ ಅಂತ ಒತ್ತಿದ್ದಕ್ಕೆ ಯಾವ ಅಧಿಕಾರಿಗೂ ಶಿಕ್ಷೆ ಆಗುವುದಿಲ್ಲ. ಒತ್ತಬೇಕಾದ ಕಡೆ ಒತ್ತದೆ ಬಿಟ್ಟರೆ ನೌಕರಿಗೇ ಸಂಚಕಾರ. ಆ ಕುರ್ಚಿಯಲ್ಲಿ ಕೂತರೆ ನೀವಾದರೂ ಏನು ಮಾಡುತ್ತಿದ್ದಿರಿ? ಇನ್ನೊಂದು ತೊಡಕು ಇದೆ. ಒಂದು ಕಡತದಲ್ಲಿ ಒಂದೇ ಒಂದು ಹಾಳೆ ಸೀಕ್ರೆಟ್ ಇದ್ದರೂ ಇಡೀ ಕಡತ ಸೀಕ್ರೆಟ್ ಆಗುತ್ತದೆ. ಆಮೇಲೆ ಅದರೊಳಗಿನ ಊಟದ ಲೆಕ್ಕವೂ ಗುಟ್ಟೇ. ನಿಮ್ಮ ವಾರ್ ಡೈರಿಗೂ ಇದೇ ಆಗಿರಬಹುದು. ಅದರಲ್ಲಿ ಸಂಕೇತ, ಪಡೆಗಳ ಜಾಗ, ಆಜ್ಞೆಗಳು ಇರುತ್ತವೆ. ನಡುವೆ ಎಲ್ಲೋ ಒಂದು ಸಾಲಿನಲ್ಲಿ ಯಾರು ತೀರಿಕೊಂಡರು ಅಂತ ಇರುತ್ತದೆ.

ಸೀಲಿನ ಮೇಲೆ ಸೀಲು ಬಿದ್ದು ಅರ್ಥವೇ ಕಳೆದುಕೊಂಡ ಉದಾಹರಣೆ ನಮ್ಮಲ್ಲೇ ಇದೆ. ಸರ್ವೇ ಆಫ್ ಇಂಡಿಯಾದ ಗಡಿ, ಕರಾವಳಿ ಭಾಗದ ನಕ್ಷೆಗಳಿಗೆ ದಶಕಗಟ್ಟಲೆ 'ರಿಸ್ಟ್ರಿಕ್ಟೆಡ್' ಅಂತ ಇತ್ತು. 2005ರ ನಕ್ಷೆ ನೀತಿಯಲ್ಲಿ ಜನರಿಗೊಂದು, ಸೇನೆಗೊಂದು ಅಂತ ಎರಡು ಸರಣಿ ಮಾಡಿದರು. ಮೊಬೈಲಿನಲ್ಲಿ ಉಪಗ್ರಹದ ಚಿತ್ರ ನೋಡಿ ಹೊಲದ ಬದು ಗುರುತಿಸುವ ಕಾಲ ಬಂದಮೇಲೂ ಕಟ್ಟುಪಾಡು ಹಾಗೇ ಇತ್ತು. ದೊಡ್ಡ ಸಡಿಲಿಕೆ ಬಂದದ್ದು 2021ರ ಫೆಬ್ರವರಿಯಲ್ಲಿ.

ಇದರಲ್ಲಿ ಮನುಷ್ಯರು ಸಿಕ್ಕಿಹಾಕಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಪತ್ರಕರ್ತ ಇಫ್ತಿಖಾರ್ ಗೀಲಾನಿ ಪ್ರಕರಣ ನೋಡಿ. 2002ರ ಜೂನ್‌ನಲ್ಲಿ ದೆಹಲಿಯಲ್ಲಿ ಅವರನ್ನು ರಹಸ್ಯ ಕಾಯ್ದೆಯಡಿ ಬಂಧಿಸಿದರು. ಅವರ ಕಂಪ್ಯೂಟರಿನಲ್ಲಿ ಸಿಕ್ಕ ಒಂದು ದಾಖಲೆ ಕಾಶ್ಮೀರದಲ್ಲಿರುವ ಪಡೆಗಳ ಬಗ್ಗೆ ಇತ್ತು. ಅದು ದೇಶದ ಭದ್ರತೆಗೆ ಅಪಾಯ ಅಂತ ಸೇನಾ ಗುಪ್ತಚರ ವಿಭಾಗ ಮೊದಲು ಅಭಿಪ್ರಾಯ ಕೊಟ್ಟಿತು. ಅಸಲಿಗೆ ಅದು ಇಸ್ಲಾಮಾಬಾದಿನ ಒಂದು ಸಂಸ್ಥೆ ಬಹಿರಂಗವಾಗಿ ಪ್ರಕಟಿಸಿದ್ದ ಬರಹ! ಅದೇ ವಿಭಾಗ ಆಮೇಲೆ, ಇದರಿಂದ ಭದ್ರತೆಗೆ ಅಂಥ ಧಕ್ಕೆ ಏನೂ ಇಲ್ಲ ಅಂತ ಹೇಳಿತು. 2003ರ ಜನವರಿಯಲ್ಲಿ ಅವರು ಹೊರಗೆ ಬಂದರು. ಏಳು ತಿಂಗಳು ಜೈಲು. ಯಾವುದು ಗುಟ್ಟು ಅಂತ ಹೇಳುವವರು ಒಂದೇ ಕಡೆ ಇದ್ದರೆ, ಅವರ ಮಾತನ್ನು ಒರೆಗೆ ಹಚ್ಚಿ ನೋಡುವವರು ಇಲ್ಲದಿದ್ದರೆ, ಹೀಗಾಗುತ್ತದೆ.

ಬೇರೆ ಕಡೆ ಹೇಗೆ?

ವಿದೇಶದಲ್ಲಿ ಎಲ್ಲಾ ತೆರೆದಿಟ್ಟಿದ್ದಾರೆ ಅನ್ನುವುದು ಇನ್ನೊಂದು ತಪ್ಪು ಕಲ್ಪನೆ. ಅಲ್ಲೂ ಗುಟ್ಟುಗಳಿವೆ, ಅತಿಯಾಗಿಯೇ ಇವೆ. ಆದರೆ ಸೀಲನ್ನು ನೋಡುವ ಕೆಲಸ ಬೇರೊಬ್ಬರಿಗೂ ಇದೆ. ವ್ಯತ್ಯಾಸ ಅಷ್ಟೇ.

ಅಮೆರಿಕದಲ್ಲಿ 1978ರಿಂದ ಇದಕ್ಕಾಗಿಯೇ ಒಂದು ಮೇಲ್ವಿಚಾರಣಾ ಕಚೇರಿ ಇದೆ. ಅದು ಈಗ ಅವರ ರಾಷ್ಟ್ರೀಯ ಪತ್ರಾಗಾರದ ಭಾಗ. 1995ರಲ್ಲಿ ಅದರ ಜೊತೆ ಒಂದು ಮೇಲ್ಮನವಿ ಮಂಡಳಿಯನ್ನೂ ಮಾಡಿದರು. ಇಲಾಖೆಯೊಂದು 'ಇಲ್ಲ' ಅಂದರೆ ಸಾಮಾನ್ಯ ನಾಗರಿಕ ಅಲ್ಲಿಗೆ ಹೋಗಬಹುದು. ಇಲಾಖೆಯ ತೀರ್ಮಾನವನ್ನು ಪೂರ್ತಿಯಾಗಿಯೋ ಅರ್ಧವೋ ಆ ಮಂಡಳಿ ಬದಲಾಯಿಸಿದ್ದೇ ಹೆಚ್ಚು. ಅಧ್ಯಕ್ಷರ 2009ರ ಆದೇಶದಲ್ಲಿ ಇನ್ನೊಂದು ಒಳ್ಳೆಯ ಮಾತಿದೆ: ಕಾನೂನು ಮುರಿದದ್ದನ್ನು, ಅದಕ್ಷತೆಯನ್ನು, ಮುಜುಗರವನ್ನು ಮುಚ್ಚಲು ಸೀಲು ಒತ್ತುವಂತಿಲ್ಲ. ಈ ಸಾಲು ನಮ್ಮಲ್ಲೂ ಬೇಕಿತ್ತು ಅಂತ ನನಗೆ ಬಹಳ ಸಲ ಅನ್ನಿಸಿದೆ. ವಿಯೆಟ್ನಾಂ ಯುದ್ಧದ ಗುಟ್ಟಿನ ವರದಿಯನ್ನು ಪತ್ರಿಕೆಗಳು ಹಾಕಬಾರದು ಅಂತ 1971ರಲ್ಲಿ ಅಮೆರಿಕ ಸರ್ಕಾರದ ಪರ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದವರು ಎರ್ವಿನ್ ಗ್ರಿಸ್ವೋಲ್ಡ್. ಆ ಪ್ರಕಟಣೆಯಿಂದ ದೇಶದ ಭದ್ರತೆಗೆ ಧಕ್ಕೆ ಆದ ಒಂದು ಕುರುಹನ್ನೂ ನಾನು ಕಂಡಿಲ್ಲ ಅಂತ 1989ರಲ್ಲಿ ಅವರೇ ಬರೆದರು. ನಮ್ಮ ವೃತ್ತಿಯಲ್ಲಿ ಇಂಥ ಪ್ರಾಮಾಣಿಕತೆ ಅಪರೂಪ.

ಫ್ರಾನ್ಸಿನಲ್ಲಿ 1998ರಿಂದ ಒಂದು ಆಯೋಗ ಇದೆ. ನ್ಯಾಯಾಧೀಶರೊಬ್ಬರಿಗೆ ರಕ್ಷಣಾ ಗುಟ್ಟಿನ ಕಾಗದ ಬೇಕಾದರೆ ಅದು ಕಡತ ನೋಡಿ ಅಭಿಪ್ರಾಯ ಕೊಡುತ್ತದೆ. ನ್ಯೂಜಿಲೆಂಡಿನಲ್ಲಿ 1982ರ ಕಾಯ್ದೆ ಪ್ರಕಾರ ಜನರ ದೂರು ನೋಡುವ ಸ್ವತಂತ್ರ ಅಧಿಕಾರಿಯಾದ ಒಂಬುಡ್ಸ್‌ಮನ್ ನೋಡುತ್ತಾರೆ. ಎಲ್ಲದರಲ್ಲೂ ತೂತು ಇದೆ. ಫ್ರಾನ್ಸಿನಲ್ಲಿ ಆಯೋಗದ್ದು ಸಲಹೆ ಮಾತ್ರ, ಕೊನೆಯ ಮಾತು ಸಚಿವರದು. ಅಮೆರಿಕದ ಮಂಡಳಿಯಲ್ಲಿ ಕೂರುವವರು ಬಹುಪಾಲು ಅದೇ ಇಲಾಖೆಗಳ ಅಧಿಕಾರಿಗಳು. ಆದರೂ ಒಂದು ಇಲಾಖೆಯ ಮಾತನ್ನು ಇನ್ನೊಬ್ಬರು ಕೂತು ನೋಡುತ್ತಾರಲ್ಲ, ಅದೇ ದೊಡ್ಡದು.

ನಮ್ಮಲ್ಲಿ ಯಾರೂ ಇದನ್ನು ಯೋಚಿಸಲೇ ಇಲ್ಲ ಅಂತಲ್ಲ. ನಮ್ಮ ರಾಜ್ಯದ ಮುಖ್ಯಮಂತ್ರಿ ಆಗಿದ್ದ ವೀರಪ್ಪ ಮೊಯಿಲಿ ಅವರ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 2006ರಲ್ಲಿ ತನ್ನ ಮೊದಲ ವರದಿ ಕೊಟ್ಟಿತು. 1923ರ ಕಾಯ್ದೆಯನ್ನು ರದ್ದು ಮಾಡಿ, ಬೇಹುಗಾರಿಕೆಗೆ ಬೇಕಾದಷ್ಟನ್ನು ರಾಷ್ಟ್ರೀಯ ಭದ್ರತಾ ಕಾಯ್ದೆಯಲ್ಲಿ ಸೇರಿಸಿ ಅಂತ ಅದರಲ್ಲಿ ಹೇಳಿದರು. ಮಾಹಿತಿ ಹಕ್ಕು ಕಾಯ್ದೆಯಲ್ಲಿ ವಿನಾಯಿತಿ ಸಿಗುವಂಥ ಕಾಗದಕ್ಕೆ ಮಾತ್ರ ಸೀಲು ಹಾಕಬೇಕು ಅಂತಲೂ ಹೇಳಿದರು. ರಹಸ್ಯ ಕಾಯ್ದೆ ರದ್ದು ಮಾಡುವ ಸಲಹೆಯನ್ನು ಸರ್ಕಾರ ಒಪ್ಪಲಿಲ್ಲ. ಅದು ಇವತ್ತಿಗೂ ಜಾರಿಯಲ್ಲಿದೆ.

ಹಾಗಾದರೆ ನಮಗೆ ಇರುವುದೇನು?

ಸೀಲನ್ನು ತಪಾಸಣೆ ಮಾಡುವ ಸಂಸ್ಥೆ ಇಲ್ಲ, ನಿಜ. ಆದರೆ ಸೀಲಿನ ಹಿಂದಿರುವ ಕಡತವನ್ನು ತೆರೆಸಿ ನೋಡುವ ಅಧಿಕಾರ ಒಬ್ಬರಿಗಿದೆ. ಅದು ಕೇಂದ್ರ ಮಾಹಿತಿ ಆಯೋಗ. ಮಾಹಿತಿ ಹಕ್ಕು ಕಾಯ್ದೆಯ 18(4)ನೇ ಕಲಂ ಪ್ರಕಾರ, ದೂರಿನ ವಿಚಾರಣೆಯಲ್ಲಿ ಆಯೋಗ ಯಾವ ದಾಖಲೆಯನ್ನಾದರೂ ತರಿಸಿಕೊಂಡು ನೋಡಬಹುದು. ಯಾವ ಕಾರಣ ಹೇಳಿಯೂ ಅದನ್ನು ಆಯೋಗದಿಂದ ಮುಚ್ಚಿಡುವಂತಿಲ್ಲ. ಸೀಕ್ರೆಟ್ ಇದ್ದರೂ ಅಷ್ಟೇ, ಟಾಪ್ ಸೀಕ್ರೆಟ್ ಇದ್ದರೂ ಅಷ್ಟೇ. ಈ ಕಲಂ ಬಗ್ಗೆ ಅರ್ಜಿದಾರರಿಗೆ ಗೊತ್ತೇ ಇರುವುದಿಲ್ಲ. ಯಾರೂ ಕೇಳದಿದ್ದರೆ ಆಯೋಗವೂ ಸಾಮಾನ್ಯವಾಗಿ ಕಡತ ತರಿಸುವುದಿಲ್ಲ.

ಇಲ್ಲಿ ಮುಖ್ಯ ಮಾತು ಇದು. ಕಾಯ್ದೆಯಲ್ಲಿ 'ಸೀಕ್ರೆಟ್ ಕಾಗದ ಕೊಡಬೇಡಿ' ಅಂತ ಎಲ್ಲೂ ಬರೆದಿಲ್ಲ. 8(1)(ಎ) ಹೇಳುವುದು, ಬಹಿರಂಗ ಮಾಡಿದರೆ ದೇಶದ ಸಾರ್ವಭೌಮತೆಗೆ, ಭದ್ರತೆಗೆ, ಬೇರೆ ದೇಶದ ಜೊತೆಗಿನ ಸಂಬಂಧಕ್ಕೆ ಧಕ್ಕೆ ಆಗುತ್ತದಾ ಅಂತ ನೋಡಿ ಅಂತ. ಅಂದರೆ ಅಂದು ಒತ್ತಿದ ಸೀಲು ಮುಖ್ಯ ಅಲ್ಲ, ಇವತ್ತು ಕೊಟ್ಟರೆ ಏನು ಹಾನಿ ಅನ್ನುವುದು ಮುಖ್ಯ. ಆ ಹಾನಿಯನ್ನು ತೋರಿಸಬೇಕಾದವರು ಅವರು, ನೀವಲ್ಲ. 19(5)ನೇ ಕಲಂ ಅದನ್ನು ಸ್ಪಷ್ಟವಾಗಿ ಅಧಿಕಾರಿಯ ಹೆಗಲಿಗೇ ಹಾಕಿದೆ. ಸುಮ್ನೆ ಒಂದು ಕಲಂ ನಂಬರ್ ಬರೆದು ನಿರಾಕರಿಸಿದರೆ ಸಾಲದು, ಕಾರಣ ಕೊಡಬೇಕು ಅಂತ ದೆಹಲಿ ಹೈಕೋರ್ಟ್ ಭಗತ್ ಸಿಂಗ್ ಅನ್ನುವವರ ಪ್ರಕರಣದಲ್ಲಿ 2007ರಲ್ಲೇ ಹೇಳಿದೆ. ಅದು ಬೇರೆ ವಿನಾಯಿತಿಯ ಬಗ್ಗೆ ಬಂದ ತೀರ್ಪು, ಆದರೆ ತತ್ವ ಇಲ್ಲಿಗೂ ಸಲ್ಲುತ್ತದೆ.

ಇನ್ನು ಇಪ್ಪತ್ತು ವರ್ಷದ ಮಾತು. 'ಇಪ್ಪತ್ತು ವರ್ಷ ಆದಮೇಲೆ ಎಲ್ಲಾ ಕೊಡಲೇಬೇಕು' ಅಂತ ಆರ್‌ಟಿಐ ಕಾರ್ಯಕರ್ತರೇ ಹೇಳುವುದನ್ನು ಕೇಳಿದ್ದೇನೆ. 8(3)ನೇ ಕಲಂ ಅರ್ಧ ಮಾತ್ರ ಹಾಗೆ ಹೇಳುತ್ತದೆ. ಹೆಚ್ಚಿನ ವಿನಾಯಿತಿಗಳು ಇಪ್ಪತ್ತು ವರ್ಷಕ್ಕೆ ಮುಗಿಯುತ್ತವೆ, ಆದರೆ ಭದ್ರತೆಯ 8(1)(ಎ) ಆಮೇಲೂ ಉಳಿಯುತ್ತದೆ. ಹಾಗಾಗಿ ನಿಮ್ಮ ವಾದವನ್ನು ವರ್ಷದ ಲೆಕ್ಕದ ಮೇಲೆ ಮಾತ್ರ ನಿಲ್ಲಿಸಬೇಡಿ, ಬಿದ್ದುಹೋಗುತ್ತದೆ. ಸೇನೆ ಪೂರ್ತಿ ಆರ್‌ಟಿಐ ಹೊರಗೆ ಅನ್ನುವುದೂ ತಪ್ಪು. 24ನೇ ಕಲಂ ಹೊರಗಿಟ್ಟಿರುವುದು ರಾ, ಐಬಿ, ಬಿಎಸ್‌ಎಫ್, ಸಿಆರ್‌ಪಿಎಫ್, ಡಿಆರ್‌ಡಿಒ ಇಂಥವನ್ನು. ಭೂಸೇನೆ ಆ ಪಟ್ಟಿಯಲ್ಲಿ ಇಲ್ಲ.

ಆಯೋಗ ಎಷ್ಟು ಸ್ವತಂತ್ರ? ಆಯುಕ್ತರನ್ನು ಆರಿಸುವ ಸಮಿತಿಯಲ್ಲಿ ಪ್ರಧಾನಿ, ಲೋಕಸಭೆಯ ವಿರೋಧ ಪಕ್ಷದ ನಾಯಕ, ಪ್ರಧಾನಿ ಸೂಚಿಸಿದ ಒಬ್ಬ ಸಂಪುಟ ಸಚಿವ ಇರುತ್ತಾರೆ. ಮೂವರಲ್ಲಿ ಇಬ್ಬರು ಸರ್ಕಾರದ ಕಡೆಯವರು. ಮೊದಲು ಆಯುಕ್ತರ ಅವಧಿ ಐದು ವರ್ಷ ಅಂತ ಕಾಯ್ದೆಯಲ್ಲೇ ಇತ್ತು. 2019ರ ತಿದ್ದುಪಡಿ ಬಂದಮೇಲೆ ಅವಧಿ, ಸಂಬಳ ಎರಡೂ ಕೇಂದ್ರ ಸರ್ಕಾರದ ನಿಯಮದ ಕೈಗೆ ಹೋದವು, ಅವಧಿ ಮೂರು ವರ್ಷ ಆಯಿತು. ಯಾರ ಸೀಲನ್ನು ಪರೀಕ್ಷೆ ಮಾಡಬೇಕೋ ಅವರೇ ಸಂಬಳ ನಿಗದಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಆದರೂ ಒಳ್ಳೆಯ ಆದೇಶ ಬರೆದ ಆಯುಕ್ತರು ಇದ್ದಾರೆ.

ಕಡತ ನೋಡಿದ ಮೇಲೂ ಆಯೋಗ 'ಇಲ್ಲ' ಅನ್ನಬಹುದು, ಅದಕ್ಕೆ ಸಿದ್ಧರಿರಿ. 1962ರ ಚೀನಾ ಯುದ್ಧದ ಸೋಲಿನ ಬಗ್ಗೆ ಸೇನೆ ತಾನೇ ಮಾಡಿಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿ 1963ರದು. ಪತ್ರಕರ್ತ ಕುಲದೀಪ್ ನಯ್ಯರ್ ಅದನ್ನು ಆರ್‌ಟಿಐನಲ್ಲಿ ಕೇಳಿದರು. ಆಯೋಗ ಆ ವರದಿಯನ್ನು ಪರಿಶೀಲಿಸಿ, ಈಗಲೂ ಅದರ ಯಾವ ಭಾಗವನ್ನೂ ಕೊಡಲಾಗದು ಅಂತ 2009ರಲ್ಲಿ ಹೇಳಿತು. ಆಮೇಲೆ 2014ರಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ಅನ್ನುವ ವಿದೇಶಿ ಪತ್ರಕರ್ತ ಅದರ ದೊಡ್ಡ ಭಾಗವನ್ನೇ ಇಂಟರ್ನೆಟ್ಟಿಗೆ ಹಾಕಿದರು. ದೇಶಕ್ಕೆ ಏನೂ ಆಗಲಿಲ್ಲ. ವರದಿ ಮಾತ್ರ ಅಧಿಕೃತವಾಗಿ ಇನ್ನೂ ಗುಟ್ಟೇ. ಇದರ ಎದುರಿಗೆ ನೇತಾಜಿ ಕಡತಗಳನ್ನು ನೋಡಿ. ದಶಕಗಳ ಕಾಲ 'ಬಿಟ್ಟರೆ ವಿದೇಶಗಳ ಜೊತೆ ಸಂಬಂಧ ಕೆಡುತ್ತದೆ' ಅನ್ನುತ್ತಿದ್ದರು. 2016ರ ಜನವರಿ 23ರಂದು 100 ಕಡತಗಳನ್ನು ಬಿಟ್ಟರು. ಯಾವ ಸಂಬಂಧವೂ ಕೆಡಲಿಲ್ಲ. ಬಿಡುವ ಮನಸ್ಸು ಬಂದರೆ ಹಾನಿಯ ಲೆಕ್ಕ ತಾನಾಗಿಯೇ ಕರಗುತ್ತದೆ.

ಈಗ ನೀವು ಮಾಡಬಹುದಾದದ್ದು

ನಿಮ್ಮ ಅರ್ಜಿಯಲ್ಲಿ ಒಂದು ದೋಷ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಇಡೀ ತಿಂಗಳ ವಾರ್ ಡೈರಿ ಕೇಳಿದ್ದೀರಿ. ನಿಮಗೆ ಬೇಕಿರುವುದು ಒಂದು ದಿನದ ಒಂದು ಸಾಲು. ದೊಡ್ಡದು ಕೇಳಿದರೆ 'ಇಲ್ಲ' ಅನ್ನುವುದು ಅವರಿಗೆ ಸುಲಭ. ಅದೇ ಕಚೇರಿಯ ಮೇಲಧಿಕಾರಿಗೆ ಹಾಕುವ ಮೊದಲ ಮೇಲ್ಮನವಿಯಲ್ಲಿ ಕೇಳಿಕೆಯನ್ನು ಕಿರಿದು ಮಾಡಿ. ಯುದ್ಧತಂತ್ರ, ಸಂಕೇತ, ಆಯುಧದ ವಿವರ ನನಗೆ ಬೇಡ, ಸಿಪಾಯಿ ಇಂಥವರು ತೀರಿಕೊಂಡ ದಿನ, ಜಾಗ, ಕಾರಣ ಬರೆದಿರುವ ಭಾಗ ಮಾತ್ರ ಸಾಕು, ಉಳಿದದ್ದಕ್ಕೆ ಮಸಿ ಬಳಿದು ಕೊಡಿ ಅಂತ ಬರೆಯಿರಿ. ಗುಟ್ಟಿನ ಭಾಗ ಬೇರ್ಪಡಿಸಿ ಉಳಿದದ್ದು ಕೊಡಬೇಕು ಅನ್ನುವುದು 10ನೇ ಕಲಂ. ಆ ನಂಬರ್ ಹಾಕಿ. ನಿಮಗೆ ಬಂದ ಉತ್ತರದಲ್ಲಿ ಕಾರಣ ಇಲ್ಲ. ಮೇಲ್ಮನವಿ ಯಾರಿಗೆ, ಎಷ್ಟು ದಿನದಲ್ಲಿ ಅಂತಲೂ ಹೇಳಿಲ್ಲದಿದ್ದರೆ ಅದು 7(8)ನೇ ಕಲಂ ಉಲ್ಲಂಘನೆ. ಅದನ್ನೂ ಬರೆಯಿರಿ. 'ಆ ದಾಖಲೆ ನಿಜವಾಗಿ ನಿಮ್ಮ ಕಚೇರಿಯಲ್ಲಿ ಇದೆಯಾ, ಹುಡುಕಿ ನೋಡಿದ್ದೀರಾ' ಅಂತ ಅವರನ್ನು ಕೇಳುವ ಒಂದು ಸಾಲು ಸೇರಿಸಿ. ಯಾಕೆಂದರೆ ಕೆಲವೊಮ್ಮೆ ಕಪಾಟು ತೆರೆಯದೆಯೇ ಕಲಂ ನಂಬರ್ ಬರೆದು ಕಳಿಸುತ್ತಾರೆ.

ಇದಕ್ಕೆ ಶುಲ್ಕ ಇಲ್ಲ. ಕನ್ನಡದಲ್ಲಿ ಬರೆಯುವ ಹಕ್ಕು ನಿಮಗಿದೆ. ಆದರೆ ದೆಹಲಿಯ ಕಚೇರಿಗೆ ಹೋಗುವುದರಿಂದ ಇಂಗ್ಲಿಷ್ ಪ್ರತಿ ಜೊತೆಗಿಟ್ಟರೆ ಕೆಲಸ ಬೇಗ ಆಗುತ್ತದೆ. ಮೇಲಧಿಕಾರಿ 30 ದಿನದಲ್ಲಿ, ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನ ಕೊಡಬೇಕು. ಇಲ್ಲಿ ಅಪಾಯ ಏನೂ ಇಲ್ಲ, ಆದರೆ ಆಸೆಯೂ ಜಾಸ್ತಿ ಬೇಡ. ಅದೇ ಕಚೇರಿಯ ದೊಡ್ಡವರು ಚಿಕ್ಕವರ ಮಾತನ್ನೇ ಎತ್ತಿಹಿಡಿಯುವುದು ರೂಢಿ.

ಆಮೇಲೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ನಮ್ಮ ಕಡೆಯವರು ಮೇಲಿಂದ ಮೇಲೆ ಮಾಡುವ ತಪ್ಪು ಒಂದಿದೆ. ಬೆಳಗಾವಿಯಲ್ಲಿ ಮಾಹಿತಿ ಆಯೋಗದ ಪೀಠ ಇದೆಯಲ್ಲ ಅಂತ ಅಲ್ಲಿಗೆ ಕೊಟ್ಟುಬಿಡುತ್ತಾರೆ. ಅದು ರಾಜ್ಯ ಆಯೋಗದ್ದು. ಸೇನೆಯ ವಿಷಯ ಅಲ್ಲಿ ನಡೆಯುವುದಿಲ್ಲ, ತಿಂಗಳುಗಟ್ಟಲೆ ಕಾಲ ಹಾಳು. ಕೇಂದ್ರ ಆಯೋಗ ದೆಹಲಿಯಲ್ಲಿದೆ, ಆದರೆ ನೀವು ಅಲ್ಲಿಗೆ ಹೋಗಬೇಕಿಲ್ಲ. ಸಾಮಾನ್ಯವಾಗಿ ಜಿಲ್ಲಾಧಿಕಾರಿ ಕಚೇರಿಯ ಎನ್‌ಐಸಿ (ಸರ್ಕಾರದ ಕಂಪ್ಯೂಟರ್ ವಿಭಾಗ) ಕೇಂದ್ರದಿಂದ ವಿಡಿಯೋ ಮೂಲಕ ಮಾತಾಡಿಸುತ್ತಾರೆ. ಮೇಲ್ಮನವಿಯಲ್ಲಿ '18(4)ರಲ್ಲಿರುವಂತೆ ಮೂಲ ಕಡತ ತರಿಸಿ ಆಯೋಗವೇ ನೋಡಬೇಕು' ಅಂತ ಸ್ಪಷ್ಟವಾಗಿ ಪ್ರಾರ್ಥನೆ ಇಡಿ. ಸರದಿ ಬರಲು ಒಂದು ವರ್ಷ, ಇನ್ನೂ ಜಾಸ್ತಿಯೂ ಆಗಬಹುದು. ಕಾಕುವಿನ ವಯಸ್ಸು ತಿಳಿಸಿ, ಬೇಗ ಕೈಗೆತ್ತಿಕೊಳ್ಳಿ ಅಂತ ಬೇರೆ ಪತ್ರ ಕೊಡಿ. ಇಲ್ಲಿನ ಅಪಾಯ: ಆಯೋಗ ಇಲ್ಲ ಅಂದರೆ ಆ ಆದೇಶವನ್ನೇ ಮುಂದೆ ಬೇರೆ ಮನೆಯವರಿಗೂ ತೋರಿಸುತ್ತಾರೆ. ಹಾಗಾಗಿ ಕಿರಿದಾದ, ಸ್ವಚ್ಛ ಕೇಳಿಕೆಯೊಂದಿಗೆ ಹೋಗುವುದು ನಿಮಗೂ ಒಳ್ಳೆಯದು, ಉಳಿದವರಿಗೂ ಒಳ್ಳೆಯದು.

ಅದರ ಮೇಲೆ ಹೈಕೋರ್ಟಿನ ಧಾರವಾಡ ಪೀಠ. ನ್ಯಾಯಾಲಯಗಳ ಧಾಟಿ ಈಚೆಗೆ ಬದಲಾಗಿದೆ. 2019ರಲ್ಲಿ ರಫೇಲ್ ಯುದ್ಧವಿಮಾನ ಖರೀದಿಯ ಪ್ರಕರಣದಲ್ಲಿ, ಪತ್ರಿಕೆಗಳಲ್ಲಿ ಬಂದ ಗುಟ್ಟಿನ ಕಾಗದಗಳನ್ನು ಕೋರ್ಟು ನೋಡಲೇಬಾರದು ಅನ್ನುವ ಸರ್ಕಾರದ ಆಕ್ಷೇಪವನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಕೊನೆಗೆ ಅರ್ಜಿದಾರರು ಗೆಲ್ಲಲಿಲ್ಲ, ಅದು ಬೇರೆ ಮಾತು. 2021ರಲ್ಲಿ ಪೆಗಾಸಸ್ ಅನ್ನುವ ಫೋನ್ ಗೂಢಚರ್ಯೆಯ ತಂತ್ರಾಂಶದ ಪ್ರಕರಣದಲ್ಲಿ, ರಾಷ್ಟ್ರೀಯ ಭದ್ರತೆ ಅಂದಾಕ್ಷಣ ಕೋರ್ಟು ಹಿಂದೆ ಸರಿಯುವುದಿಲ್ಲ ಅಂದಿತು. 2023ರ ಏಪ್ರಿಲ್‌ನಲ್ಲಿ ಮಲಯಾಳಂ ಚಾನೆಲ್ ಮೀಡಿಯಾವನ್ ಪ್ರಕರಣದಲ್ಲಿ ಇನ್ನೂ ಖಾರವಾಗಿ ಹೇಳಿತು. ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಧೀಶರಿಗೆ ಮಾತ್ರ ಕಾಗದ ಕೊಟ್ಟು, ಎದುರಿನವರಿಗೆ ಏನೂ ಹೇಳದೆ ಭದ್ರತೆಯ ಹೆಸರಲ್ಲಿ ಗೆಲ್ಲುವ ಪದ್ಧತಿಯನ್ನು ಅದು ಒಪ್ಪಲಿಲ್ಲ. ಇಷ್ಟಾದರೂ ನಿಮಗೆ ಕೋರ್ಟನ್ನು ನಾನು ಮೊದಲ ದಾರಿಯಾಗಿ ಹೇಳುವುದಿಲ್ಲ. ವಕೀಲನಾಗಿ ಹೀಗೆ ಹೇಳುವುದು ನನ್ನ ಹೊಟ್ಟೆಗೇ ಕಲ್ಲು ಹಾಕಿಕೊಂಡಂತೆ. ಆದರೆ ಖರ್ಚು ಇದೆ, ವರ್ಷಗಳು ಹೋಗುತ್ತವೆ. ಕಾಕುಗೆ ಅಷ್ಟು ಸಮಯ ಇದೆಯಾ?

ಅದಕ್ಕೇ ಈ ಜಗಳದ ಜೊತೆಜೊತೆಗೇ ಇನ್ನೊಂದು ದಾರಿಯಲ್ಲೂ ಹೊರಡಿ. ಇದರಲ್ಲಿ ಸೀಲಿನ ಪ್ರಶ್ನೆಯೇ ಬರುವುದಿಲ್ಲ. ಕಾಕು ಫ್ಯಾಮಿಲಿ ಪೆನ್ಷನ್ ತೆಗೆದುಕೊಳ್ಳುತ್ತಿದ್ದರೆ ಅವರ ಹತ್ತಿರ ಪಿಪಿಒ (ಪೆನ್ಷನ್ ಪಾವತಿ ಆದೇಶ) ಇರುತ್ತದೆ. ಅದರ ನಂಬರ್, ಕಾಕಾನ ಆರ್ಮಿ ನಂಬರ್ ಹಾಕಿ, ಹೆಂಡತಿಯಾಗಿ ಅವರೇ ಸಹಿ ಮಾಡಿ ಕಾಕಾನ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಸಾದಾ ಪತ್ರ ಬರೆಯಲಿ. ಬ್ಯಾಟಲ್ ಕ್ಯಾಜುವಲ್ಟಿ ಸರ್ಟಿಫಿಕೇಟ್ (ಯುದ್ಧದಲ್ಲಿ ತೀರಿಕೊಂಡ ಪ್ರಮಾಣಪತ್ರ) ಮತ್ತು ಆ ಸಾವನ್ನು ಸೇವಾ ದಾಖಲೆಗೆ ಸೇರಿಸಿದ ಪಾರ್ಟ್ ಟು ಆರ್ಡರ್ ಪ್ರತಿ ಕೊಡಿ ಅಂತ ಕೇಳಲಿ. ಇವು ಆ ಸಿಪಾಯಿಯ ಸೇವಾ ದಾಖಲೆಗಳು, ಯುದ್ಧದ ಕಡತ ಅಲ್ಲ. ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಮೂಲಕ ಈ ಪತ್ರ ಕಳಿಸಿದರೆ ತೂಕ ಬರುತ್ತದೆ. ಅವರ ಪಲ್ಟನ್ನಿನ ಮಾಜಿ ಸೈನಿಕರ ಸಂಘಕ್ಕೂ ಬರೆಯಿರಿ. ಕಾಕಾನ ಪಕ್ಕದಲ್ಲಿ ನಿಂತಿದ್ದವರು ಯಾರಾದರೂ ಇನ್ನೂ ಇರಬಹುದು. ಕಡತದಲ್ಲಿ ಇಲ್ಲದ್ದನ್ನು ಅವರು ಹೇಳಬಲ್ಲರು.

ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗಕ್ಕೂ ಒಂದು ಪತ್ರ ಇರಲಿ. 2021ರ ಜೂನ್‌ನಲ್ಲಿ ಸಚಿವಾಲಯ ಹೊಸ ನೀತಿ ತಂದಿದೆ. ವಾರ್ ಡೈರಿಗಳಂಥ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷದಲ್ಲಿ ಗುಟ್ಟಿನಿಂದ ತೆಗೆಯಬೇಕು, ಅದಕ್ಕಿಂತ ಹಳೆಯವನ್ನು ತಜ್ಞರು ಪರಿಶೀಲಿಸಿ ರಾಷ್ಟ್ರೀಯ ಪತ್ರಾಗಾರಕ್ಕೆ ಕಳಿಸಬೇಕು ಅಂತ ಅದರಲ್ಲಿದೆ. 1999ರ ಕಾರ್ಗಿಲ್ ಯುದ್ಧದ ಮೇಲೆ ಕೂತ ಪರಿಶೀಲನಾ ಸಮಿತಿ ಹೇಳಿದ ಮಾತು ಅಷ್ಟು ವರ್ಷದ ಮೇಲೆ ಜಾರಿಗೆ ಬಂತು. ಈ ನೀತಿಯನ್ನು ನಿಮ್ಮ ಮೇಲ್ಮನವಿಯಲ್ಲೂ ಎತ್ತಿ ಹೇಳಿ. 'ನಿಮ್ಮದೇ ನೀತಿ ಪ್ರಕಾರ ಈ ಡೈರಿಯನ್ನು ಪರಿಶೀಲಿಸಿದ್ದೀರಾ, ಪರಿಶೀಲಿಸಿದ್ದರೆ ಯಾವಾಗ, ತೀರ್ಮಾನ ಏನು' ಅಂತ ಕೇಳಿ. ಇಲಾಖೆಯ ಸ್ವಂತ ಮಾತನ್ನೇ ಮುಂದಿಟ್ಟಾಗ ಉತ್ತರ ಬರೆಯುವವರು ಸ್ವಲ್ಪ ಯೋಚಿಸುತ್ತಾರೆ.

ಕೊನೆಗೆ ಒಂದು ಕಹಿ ಸಾಧ್ಯತೆಯನ್ನೂ ಹೇಳಿಬಿಡುತ್ತೇನೆ. 1971ರ ಪೂರ್ವ ರಣರಂಗದ ಅನೇಕ ಸೇನಾ ದಾಖಲೆಗಳು ಹಿಂದೆಯೇ ನಾಶವಾಗಿವೆ ಅಂತ 2010ರಲ್ಲಿ ಪತ್ರಿಕೆಗಳಲ್ಲಿ ವರದಿ ಬಂದಿತ್ತು. ಮೇಲ್ಮನವಿಯಲ್ಲಿ ಗಟ್ಟಿಯಾಗಿ ಕೇಳಿದಾಗ 'ಸೀಕ್ರೆಟ್' ಅನ್ನುವ ಉತ್ತರ ಬದಲಾಗಿ 'ಲಭ್ಯವಿಲ್ಲ' ಅಂತ ಬರಬಹುದು. ಅವೆರಡೂ ಒಂದೇ ಅಲ್ಲ. ಹಾಗೆ ಬಂದರೆ ಅಲ್ಲಿಗೇ ಬಿಡಬೇಡಿ. ಯಾವ ಆದೇಶದ ಮೇಲೆ, ಯಾವ ದಿನ ನಾಶ ಮಾಡಿದಿರಿ, ಆ ಪಟ್ಟಿ ಕೊಡಿ ಅಂತ ಹೊಸ ಅರ್ಜಿ ಹಾಕಿ. ದಾಖಲೆ ನಾಶ ಮಾಡಲು ಕ್ರಮ ಇದೆ. ಕ್ರಮ ಬಿಟ್ಟು ಮಾಡಿದರೆ 1993ರ ಕಾಯ್ದೆಯಲ್ಲಿ ಶಿಕ್ಷೆಯೂ ಇದೆ.

ಮೊದಲ ಮೇಲ್ಮನವಿ ಹಾಕಲು, ಆ ಮೂರು ಸಾಲಿನ ಉತ್ತರ ನಿಮ್ಮ ಕೈ ಸೇರಿದ ದಿನದಿಂದ 30 ದಿನ ಮಾತ್ರ ಇದೆ. ಆ ಲಕೋಟೆಯನ್ನು ಎಸೆಯಬೇಡಿ, ಅಂಚೆಯ ಮುದ್ರೆಯಲ್ಲಿ ತಾರೀಖು ಇರುತ್ತದೆ. ದಿನ ಮೀರಿದ್ದರೂ ಸರಿಯಾದ ಕಾರಣ ಬರೆದರೆ ಒಪ್ಪುತ್ತಾರೆ. ಮೇಲ್ಮನವಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಕಾಕುವಿನ ಪತ್ರವನ್ನು ಅದಕ್ಕೂ ಮೊದಲು, ಈ ವಾರವೇ ಹಾಕಿಬಿಡಿ.